ಮಾರೇಶನ ಜಿಂಕೆ ಸಾಸೇಜು

ಹಂಪಿಯ ಹೋಟೆಲೊಂದರಲ್ಲಿ ಹನ್ನೆರಡು ವರ್ಷ ವಿದೇಶಿಯರಿಗೆ ಬೇಯಿಸಿ ಹಾಕಿದ ಕಮಲಾಪುರದ ಮಾರೇಶ್, ಆ ಭಾನುವಾರ ಸೌಟು ಹಿಡಿದು ಹೆಂಡತಿಯ ಮುಂದೆ ಘೋಷಿಸಿಯೇಬಿಟ್ಟ: "ಮಧ್ಯಾಹ್ನ ಸಂಡೂರಿಂದ ನಿನ್ನ ತಮ್ಮ ಯಲ್ಲೇಶ ಬರ್ತಾನಲ್ಲ, ಅವನಿಗೆ ಸಾಸೇಜ್ ತಿನ್ನಿಸ್ತೀನಿ! ಮಾವಗ ಆಮ್ಲೆಟ್ ಬಿಟ್ಟು ಏನೂ ಬರಂಗಿಲ್ಲ ಅಂತಾನಲ್ಲ, ನೋಡ್ಲಿ!"

ಸಾಸೇಜ್ ಅಂದರೆ ಖೀಮಾವನ್ನು ತೊಳೆದ ಕರುಳಿನೊಳಗೆ ತುಂಬಿ ಬೇಯಿಸುವುದು. ಜಿಂಕೆಯದಾದರೆ ಅಮೃತ ಎಂದು ಯಾರೋ ಪ್ರವಾಸಿ ಹೇಳಿದ್ದ. ಜಿಂಕೆ ಮುಟ್ಟಿದರೆ ಜೈಲು. ಹಾಗಾಗಿ ಮಾರೇಶ್ ಜಿಂಕೆಯದರಂತೆಯೇ ಕೊಬ್ಬಿಲ್ಲದ ಆಡಿನ ಮಾಂಸ ತಂದ. ತಲೆಯೂ ಜೊತೆಗೆ ಬಂದಿತ್ತು.

"ಅವ್ವ, ಇದನ್ನ ಒಯ್ದು ಒಗಿ. ಫಾರಿನ್ ಅಡುಗಿಗೆ ತಲಿ ಬ್ಯಾಡ."

"ಅದು ನಿಮ್ಮನ್ನ ನೋಡಿದ್ರ ಗೊತ್ತಾಗ್ತೈತಿ ಬಿಡ್ರಿ" ಎಂದಳು ಹೆಂಡತಿ ಶಿಲ್ಪಶ್ರೀ. ತಾಯಿ ಜಂಬವ್ವ ತಲೆಯನ್ನು ಸದ್ದಿಲ್ಲದೆ ಹಿತ್ತಲ ಬುಟ್ಟಿಯಡಿ ಮುಚ್ಚಿಟ್ಟಳು.

ಈಗ ಕೊಬ್ಬಿನ ಪ್ರಶ್ನೆ! "ಕುರಿ ಕೊಬ್ಬು ಹಾಕ್ರಿ, ಇಲ್ಲಂದ್ರ ಕಟ್ಟಿಗಿ ಆಗ್ತೈತಿ" ಎಂದಳು ಶಿಲ್ಪಶ್ರೀ. "ಕೋಳಿ ಕೊಬ್ಬು ಹಾಕೋ" ಎಂದಳು ಜಂಬವ್ವ. "ಇಬ್ರೂ ಸುಮ್ನಿರ್ರಿ! ತುಪ್ಪ ಹಾಕ್ತೀನಿ ನಾನು!" ಎಂದು ಮಹಾರಾಜರು ತೀರ್ಪು ಕೊಟ್ಟರು. ಶಿಲ್ಪಶ್ರೀ ಅರ್ಧ ಖೀಮಾ ಎತ್ತಿಟ್ಟುಕೊಂಡು ತನ್ನ ಪಾಡಿಗೆ ಕುರಿ ಕೊಬ್ಬು ಕೊಚ್ಚತೊಡಗಿದಳು. ಮಾರೇಶ್ ಕೆಂಪು ಮಾಂಸದ ಫೋಟೊ ತೆಗೆದು ಸ್ಟೇಟಸ್ಸಿಗೆ ಹಾಕಿದ: "ಇವತ್ತು ನಮ್ಮನ್ಯಾಗ ಜಿಂಕಿ ಸಾಸೇಜ್!"

ಮಾರೇಶ್ ತುಂಬಿದ ಸಾಸೇಜುಗಳು ಬಾಣಲೆಗೆ ಬಿದ್ದದ್ದೇ ತಡ, ತುಪ್ಪವೆಲ್ಲ ಕರಗಿ ಹೊರಗೆ ಓಡಿತು. ಒಳಗೆ ಉಳಿದದ್ದು ಬಾಗಿಲ ಅಗುಳಿಯಂಥ ಒಣ ಕೊರಡು! ಅದೇ ಹೊತ್ತಿಗೆ ಬಾಗಿಲಲ್ಲಿ ಬೈಕ್ ನಿಂತಿತು. ಖಾಕಿ ಅಂಗಿ. ದರೋಜಿ ಕಾಡಿನ ಗಾರ್ಡ್ ತಿಪ್ಪೇಶ್!

"ನಿಮ್ಮ ಸ್ಟೇಟಸ್ ಯಾರೋ ನನಗ ಕಳಿಸ್ಯಾರ. ಎಲ್ಲೈತ್ರಿ ಜಿಂಕಿ?"

"ಅ... ಅದು ಸ್ಟೈಲ್ ಅಷ್ಟೇ ಸಾಹೇಬ್ರ! ಮಾಂಸ ಆಡಿಂದು!"

ತಿಪ್ಪೇಶ್ ಒಂದು ಸಾಸೇಜ್ ಮುರಿದ. ಅದು ಟಪ್ಪೆಂದಿತು. "ಒಂದು ಹನಿ ಕೊಬ್ಬಿಲ್ಲ! ಕಾಡು ಪ್ರಾಣಿನೇ ಹಿಂಗ ಇರೋದು. ನಡೀರಿ ಆಫೀಸಿಗೆ!"

ಮಾರೇಶನ ಕಣ್ಣ ಮುಂದೆ ಜೈಲಿನ ಕಂಬಿ ಕುಣಿದವು. ಆಗ ಜಂಬವ್ವ ಹಿತ್ತಲಿನಿಂದ ಬುಟ್ಟಿ ಹೊತ್ತು ತಂದು ಗಾರ್ಡಿನ ಮುಂದೆ ಬೋರಲು ಹಾಕಿದಳು. ಉರುಳಿತು ತಲೆ!

"ನೋಡಪ್ಪಾ, ಗಡ್ಡ ಬಿಟ್ಟ ಜಿಂಕಿ ಎಲ್ಲ್ಯಾದ್ರೂ ನೋಡೀಯೇನು?"

ತಿಪ್ಪೇಶ್ ತಲೆಯನ್ನು ನೋಡಿದ, ಮಾರೇಶನನ್ನು ನೋಡಿದ, ಹೊಟ್ಟೆ ಹಿಡಿದು ನಕ್ಕ.

ಶಿಲ್ಪಶ್ರೀ ತನ್ನ ಕುರಿ ಕೊಬ್ಬಿನ ಸಾಸೇಜ್ ತಟ್ಟೆ ಹಿಡಿದು ಬಂದಳು. ಚುಂಯ್ ಅನ್ನುತ್ತಿತ್ತು, ರಸ ಒಸರುತ್ತಿತ್ತು. "ತಿನ್ರಿ ಅಣ್ಣಾರ."

"ಡ್ಯೂಟಿ ಮ್ಯಾಲೆ ತಿನ್ನಂಗಿಲ್ಲವ್ವ... ಆದ್ರ ಡ್ಯೂಟಿ ಈಗ ಮುಗೀತಲ್ಲ!" ಮೂರು ತಿಂದು, ಮೀಸೆ ಒರೆಸಿಕೊಂಡು ಎದ್ದ. "ಮಸ್ತ್ ಐತ್ರಿ! ಮಾರೇಶಣ್ಣ, ಮೊದಲು ಆ ಸ್ಟೇಟಸ್ ಅಳಸ್ರಿ."

"ಈಗಲೇ ಅಳಿಸಿದೆ ಸಾಹೇಬ್ರ!"

ತಿಪ್ಪೇಶ್ ಬೈಕಿನ ಕಿಕ್ಕರ್ ಮೇಲೆ ಕಾಲಿಟ್ಟ. ಅಷ್ಟರಲ್ಲಿ ಬೀದಿಯ ತುದಿಯಿಂದಲೇ ಯಲ್ಲೇಶನ ಕೂಗು ಕೇಳಿಸಿತು: "ಮಾವಾ! ಸ್ಟೇಟಸ್ ನೋಡಿದೆ! ಜಿಂಕಿ ಎಲ್ಲಿ ಹೊಡೆದೀ?"

ಗಾರ್ಡಿನ ಕಾಲು ಅಲ್ಲೇ ನಿಂತಿತು. ಹಂಪಿಯಲ್ಲಿ ಏಳು ಭಾಷೆಯಲ್ಲಿ ಆರ್ಡರ್ ತೆಗೆದುಕೊಂಡಿದ್ದ ಮಾರೇಶನಿಗೆ ಆ ಗಳಿಗೆಯಲ್ಲಿ ಒಂದು ಭಾಷೆಯೂ ನೆನಪಾಗಲಿಲ್ಲ. ಬೀದಿಗೆ ಓಡಿ, ಓಣಿಗೆಲ್ಲ ಕೇಳುವಂತೆ ಅರಚಿದ:

"ಮ್ಯಾ! ಮ್ಯಾಆ! ಮ್ಯಾಆಆ!"