ಕರಡಪ್ಪನ ಹನ್ನೆರಡು ಭಾನುವಾರ

ತನ್ನ ಶಾಲೆಯ ಮುಖ್ಯೋಪಾಧ್ಯಾಯಿನಿಯ ಎದುರು ಟೀಚರಮ್ಮನಾದ ಹೆಂಡತಿ ಬಾಯಿ ಬಿಡದಿದ್ದರೆ ಕರಡಪ್ಪನ ಮಾನ ಮನೆಯೊಳಗೇ ಇರುತ್ತಿತ್ತು. "ಪ್ರವಾಸದ ಕೈಪಿಡಿ ಬರೆದಿದ್ದೇ ನಮ್ಮನೆಯವರು" ಎಂದುಬಿಟ್ಟಳು. ಶಾಲೆಯ ಟೀಚರುಗಳ ಒಂದು ದಿನದ ಪ್ರವಾಸಕ್ಕೆ ಅವನೇ ವಿಶೇಷ ಅತಿಥಿಯಾದ.

ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದುದರಿಂದ ಅವನಿಗೆ ಆ ಅಡ್ಡಹೆಸರು. ಕೈಪಿಡಿ ಬರೆದದ್ದು ನಿಜ, ಜಾಗ ನೋಡಿದ್ದು ಸುಳ್ಳು. ಬಸ್ಸು ಹತ್ತಿದರೆ ಹೊಟ್ಟೆ ತೊಳೆಸುವ ಈ ಮಹಾನುಭಾವ ಹನ್ನೆರಡು ಭಾನುವಾರ "ಸ್ಥಳ ನೋಡ್ಕೊಂಡು ಬರ್ತೀನಿ" ಎಂದು ಚೀಲ ಹೆಗಲಿಗೇರಿಸಿ ಹೊರಟು, ಎರಡು ಬೀದಿ ಆಚೆ ಗೆಳೆಯನ ಹೊಲಿಗೆ ಅಂಗಡಿಯ ಅಟ್ಟದಲ್ಲಿ ಹಳೇ ಪತ್ರಿಕೆ ನೋಡಿ ಒಂದಿಷ್ಟು ಗೀಚಿ, ಮಿಕ್ಕ ಹೊತ್ತು ಗೊರಕೆ ಹೊಡೆದಿದ್ದ. ಅಷ್ಟೂ ಭಾನುವಾರ ಹೆಂಡತಿ ಅತ್ತೆಯ ಬೈಗುಳ ಕೇಳಿಕೊಂಡು ಒಬ್ಬಳೇ ಮನೆಗೆಲಸ ಮಾಡಿದ್ದಳು. ಅವಳಿಗೆ ಇದು ಗೊತ್ತಾದರೆ ತನ್ನ ಗತಿಯೇನು ಎಂದು ನೆನೆದು, ಬಸ್ಸು ಹೊರಡುವ ಮೊದಲೇ ಅವನು ಕಿಟಕಿಯಾಚೆ ತಲೆ ಹಾಕಿ ಕೂತ.

ಕೆಲಸಕ್ಕೆ ಹೊಸಬನಾದ ಮಾರ್ಗದರ್ಶಿ ಕೈಪಿಡಿಯನ್ನು ಒಂದಕ್ಷರ ಬಿಡದೆ ಬಾಯಿಪಾಠ ಮಾಡಿದ್ದ. "ಕೋಟೆಗೆ ಸುಲಭವಾದ ಇನ್ನೂರು ಮೆಟ್ಟಿಲು" ಎಂದು ಒದರಿದ. ಆರುನೂರನೆಯ ಮೆಟ್ಟಿಲಲ್ಲಿ ಮುಖ್ಯೋಪಾಧ್ಯಾಯಿನಿ ಕುಸಿದು ಕೂತರು.

"ಏನ್ರೀ, ನೀವೇ ಎಣಿಸಿದ್ರಾ ಇದನ್ನ?"

"ನಾನು ಇಳೀತಾ ಎಣಿಸಿದ್ದು ಮೇಡಂ," ಎಂದ ಕರಡಪ್ಪ. ಬಾಯಿಗೆ ಬಂದದ್ದು ಅದೊಂದೇ.

ಮಧ್ಯಾಹ್ನ ಜಲಪಾತ. ಮೈದುಂಬಿ ಧುಮ್ಮಿಕ್ಕಬೇಕಾದ ನೀರು ಬೀದಿ ನಲ್ಲಿಯ ಹಾಗೆ ತೊಟ್ಟಿಕ್ಕುತ್ತಿತ್ತು. ಸ್ನಾನಕ್ಕೆಂದು ಬಟ್ಟೆಯ ಗಂಟು ಹೊತ್ತು ತಂದಿದ್ದ ಡ್ರಾಯಿಂಗ್ ಟೀಚರು ಅವನನ್ನು ದುರುಗುಟ್ಟಿಕೊಂಡು ನೋಡಿದರು.

"ನಾನು ಬಂದಾಗ ಮಳೆಗಾಲ," ಎಂದ.

"ನೀವು ಬರೆದಿದ್ದು ಬೇಸಿಗೇಲಿ ಅಲ್ವಾ?" ಎಂದು ಹೆಂಡತಿ ಮೆಲ್ಲಗೆ ಕೇಳಿದಳು. ಅವನಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು.

ಕೊನೆಯದು ಮಾತಾಡುವ ಬಂಡೆ ಎಂದು ಮಾರ್ಗದರ್ಶಿ ಸಾರಿದಾಗ ಅವನು ಏನೋ ಹುಡುಕುವವನಂತೆ ಸೀಟಿನಡಿಗೆ ಬಗ್ಗಿಬಿಟ್ಟ. ಕೊನೆಯ ಪುಟ ಅರ್ಧ ಖಾಲಿ ಉಳಿಯಿತೆಂದು ಅಟ್ಟದಲ್ಲಿ ಮಲಗಿಕೊಂಡೇ ಅವನು ಹುಟ್ಟಿಸಿದ ಬಂಡೆ ಅದು. ಆದರೆ ಬಸ್ಸು ನಿಂತಲ್ಲಿ ನಿಜಕ್ಕೂ ಒಂದು ಬಂಡೆಯಿತ್ತು. ಸುಣ್ಣದಲ್ಲಿ ಹೆಸರು ಬರೆದಿದ್ದರು, ಜನ ಸಾಲಾಗಿ ಕಿವಿ ಹಚ್ಚಿ ನಿಂತಿದ್ದರು. ಕೈಪಿಡಿ ಹಿಡಿದು ವಿಚಾರಿಸುವವರ ಕಾಟ ತಾಳಲಾರದೆ ಊರವರು ಯಾವುದೋ ಬಂಡೆಯನ್ನು ಆ ಕೆಲಸಕ್ಕೆ ನೇಮಿಸಿಕೊಂಡಿರಬೇಕು. ಕರಡಪ್ಪನಿಗೆ ಹೋದ ಜೀವ ಬಂತು.

"ನೋಡಿ, ನಾನು ಬರೆದ ಹಾಗೇ ಇದೆ," ಎಂದು ಎದೆಯುಬ್ಬಿಸಿದ.

"ಇವರೇ ಪುಸ್ತಕ ಬರೆದವರು," ಎಂದು ಮುಖ್ಯೋಪಾಧ್ಯಾಯಿನಿ ಬಂಡೆಯ ಕಾವಲಿನ ಮುದುಕನಿಗೆ ಪರಿಚಯಿಸಿದರು.

ಮುದುಕ ಗೊತ್ತಿಲ್ಲ ಎನ್ನುವ ಜಾತಿಯವನಲ್ಲ. "ನನಗೆ ಹೇಳ್ಕೊಡ್ತೀರಾ? ಪ್ರತಿ ಭಾನುವಾರ ಬರೋರು. ಇಗೋ, ಇಲ್ಲೇ ಕೂತು ಬರೆಯೋರು. ಪಕ್ಕದಲ್ಲಿ ಅಮ್ಮಾವ್ರು ಛತ್ರಿ ಹಿಡ್ಕೊಂಡು ನಿಂತಿರೋರು. ಎತ್ತರದ ಹೆಂಗಸು, ಬಲು ನಗುಮುಖ. ಈ ಸಲ ಅವರು ಬರ್ಲಿಲ್ವಾ ಸ್ವಾಮಿ?"

ಹೆಂಡತಿ ಕರಡಪ್ಪನ ಭುಜಕ್ಕೂ ಬರುತ್ತಿರಲಿಲ್ಲ. ಈಗ ನಗುತ್ತಲೂ ಇರಲಿಲ್ಲ.

"ನಾನು ಇಲ್ಲಿಗೆ ಬಂದೇ ಇಲ್ಲ ಕಣೇ," ಎಂದು ಅವನು ಎಲ್ಲರೆದುರೇ ಕೈ ಮುಗಿದ. "ಹನ್ನೆರಡು ಭಾನುವಾರಾನೂ ಹೊಲಿಗೆ ಅಂಗಡಿ ಅಟ್ಟದಲ್ಲಿ ಬಿದ್ಕೊಂಡಿದ್ದೆ. ನಿನ್ನಾಣೆ."

ಬೆಳಗಿನಿಂದ ಅವನು ಆಡಿದ ಮೊದಲ ನಿಜ ಅದು. ಹೆಂಡತಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಹೊಲಿಗೆ ಅಂಗಡೀಲಾ," ಎಂದಳು. "ಹಾಗಾದ್ರೆ ಅವಳ ಅಳತೇನೂ ಅಲ್ಲೇ ತಗೊಂಡಿರ್ಬೇಕು."