ಮಂದ್ರ ಮತ್ತು ಒಂದು ಕಟ್ಟು ಕೊತ್ತಂಬರಿ

ಮಯೂರ್ ವಿಹಾರದ ಆ ಸೊಸೈಟಿಯಲ್ಲಿ ಮೂರನೇ ಮಹಡಿಯ ವೆಂಕಟಸುಬ್ಬಯ್ಯನವರ ಸಂಸಾರದ ಬಗ್ಗೆ ಅಕ್ಕಪಕ್ಕದವರು ಎರಡು ಮಾತು ಆಡುತ್ತಿದ್ದರು. ಒಂದು: "ಆ ಮನೇಲಿ ಕುಕ್ಕರ್ ಕೂಡ ಅಪ್ಪಣೆ ಕೇಳಿ ಸೀಟಿ ಹೊಡೆಯುತ್ತೆ." ಎರಡು: "ಗಂಡ ಅಂದ್ರೆ ಸುಬ್ಬಯ್ಯಜೀ ಥರ ಇರಬೇಕು. ಸೊಪ್ಪು ತರೋಕೂ ತಾವೇ ಚೀಲ ಹಿಡ್ಕೊಂಡು ಹೋಗ್ತಾರೆ!"

ಒಳಗುಟ್ಟು ಬೇರೆಯೇ ಇತ್ತು. ಅದು ಸೊಪ್ಪಿನ ಚೀಲವಲ್ಲ, ವೈರಾಗ್ಯದ ಚೀಲ. ಹೆಂಡತಿ ಚಂದ್ರಪ್ರಭಾ ಜೊತೆ ಜಗಳವಾದಾಗಲೆಲ್ಲ ಅವರು ಒಂದು ಪಂಚೆ, ಬಿಪಿ ಮಾತ್ರೆ ತುರುಕಿಕೊಂಡು ಮನೆಯನ್ನು ಶಾಶ್ವತವಾಗಿ ಬಿಟ್ಟು ಹೊರಡುತ್ತಿದ್ದರು. ಹಾಲಿನ ಬೂತಿನವರೆಗೆ ವೈರಾಗ್ಯ ಗಟ್ಟಿಯಾಗಿಯೇ ಇರುತ್ತಿತ್ತು. ಮೆಟ್ರೊ ನಿಲ್ದಾಣ ಕಂಡೊಡನೆ, ಹತ್ತಿ ಹೋಗುವುದಾದರೂ ಎಲ್ಲಿಗೆ ಎಂಬ ಪ್ರಶ್ನೆ ಏಳುತ್ತಿತ್ತು. ಬರಿಗೈಯಲ್ಲಿ ಮರಳಿದರೆ ಮರ್ಯಾದೆ ಏನಾಗಬೇಕು? ಆದ್ದರಿಂದ ಒಂದು ಕಟ್ಟು ಕೊತ್ತಂಬರಿ. (ಆ ಮನೆಯ ಸಾರಿನಲ್ಲಿ ಬೇಳೆಗಿಂತ ಕೊತ್ತಂಬರಿಯೇ ಹೆಚ್ಚು.)

ಜಗಳವಾದರೂ ಎಂಥದ್ದು? ಪಿಸುಮಾತಿನ ಜಗಳ. ಜಾಗರಣೆಯ ಲೌಡ್‌ಸ್ಪೀಕರಿನ ವಿರುದ್ಧ ಸೊಸೈಟಿ ಸಭೆಯಲ್ಲಿ ಭಾಷಣ ಬಿಗಿದ ಮಹಾನುಭಾವರ ಮನೆಯಿಂದ ಸದ್ದು ಹೊರಬೀಳಬಹುದೇ? ಮಿಕ್ಸಿ, ಫ್ಯಾನು, ಫ್ರಿಜ್ಜು ಎಲ್ಲವನ್ನೂ ಕಿವಿಗೊಟ್ಟು ಕೇಳಿ, ಅತಿ ಮೌನಿಯಾದುದನ್ನೇ ಅವರು ತಂದದ್ದು. ಹೆಂಡತಿಯನ್ನೂ ಹಾಗೆಯೇ. ಹೆಣ್ಣು ನೋಡಲು ಹೋದಾಗ "ಒಂದು ಹಾಡು ಹೇಳಮ್ಮ" ಎಂದರೆ ಹುಡುಗಿಯ ಬಾಯಿಂದ ಗಾಳಿ ಬಿಟ್ಟರೆ ಬೇರೇನೂ ಬರಲಿಲ್ಲ. ಅಲ್ಲೇ ಒಪ್ಪಿಬಿಟ್ಟರು. ಅವತ್ತು ಆಕೆಗೆ ನೆಗಡಿಯಿಂದ ಗಂಟಲು ಕಟ್ಟಿತ್ತೆಂಬುದು ತಿಳಿದದ್ದು ಮದುವೆಯ ನಂತರ, ಮೊದಲ ಶುಕ್ರವಾರದ ಪೂಜೆಯಲ್ಲಿ, ದೇವರ ಮನೆಯಿಂದ ಖರ್ಜದ ತಗ್ಗು ದನಿಯೊಂದು ನೆಲ ಬಗೆದು ಎದ್ದಾಗ! ಅಂದಿನಿಂದ ಇಂದಿನವರೆಗೆ ಅವರು ಹೆಂಡತಿಗೆ ಹೇಳುತ್ತ ಬಂದ ಪ್ರೇಮದ ಮಾತು ಒಂದೇ: "ಮೆಲ್ಲಗೆ, ಪ್ರಭಾ, ಮೆಲ್ಲಗೆ."

ಆ ಪ್ರಭಾ ಶಾಲೆಯ ಸಂಗೀತದ ಮೇಷ್ಟರಗಿರಿಯಿಂದ ನಿವೃತ್ತಿಯಾದರು. ಆಕೆಯ ತಂಗಿಯ ಮಗ ಅನೂಪ್ ಗ್ರೇಟರ್ ನೋಯ್ಡಾದ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆಂದು ಹೇಳಿಕೊಂಡು ಎಲೆಕ್ಟ್ರಾನಿಕ್ ಸಂಗೀತ ಮಾಡುತ್ತಿದ್ದ. ದೊಡ್ಡಮ್ಮ, ಮಗ ಇಬ್ಬರೂ ಸೇರಿಕೊಂಡರು. ಒಂದು ಬೆಳಿಗ್ಗೆ ಕಾಫಿಯ ಜೊತೆಗೇ ಬೇಡಿಕೆಯೂ ಬಂತು.

"ರೀ, ನಂಗೊಂದು ಸಿಂಥಸೈಸರ್ ಬೇಕು. ಮಂದ್ರ, ಅದೇ ತಗ್ಗಿನ ಸ್ವರ, ನುಡಿಸೋಕೆ."

"ಹಾರ್ಮೋನಿಯಂ ಇದೆಯಲ್ಲೇ?"

"ಅದು ಮೂಗಲ್ಲಿ ಮಾತಾಡುತ್ತೆ. ನಂಗೆ ಹೊಟ್ಟೆಯಿಂದ ಮಾತಾಡೋದು ಬೇಕು."

"ಈ ವಯಸ್ಸಲ್ಲಿ..."

"ಜೀವಮಾನವೆಲ್ಲಾ ಮೆಲ್ಲಗೆ ಮೆಲ್ಲಗೆ ಅನ್ನಿಸ್ಕೊಂಡಿದೀನಿ. ಒಂದು ಸ್ವರ ಗಟ್ಟಿಯಾಗಿ ನುಡಿಸಿಯೇ ಕಣ್ಮುಚ್ಚೋದು!"

ವೆಂಕಟಸುಬ್ಬಯ್ಯನವರು ಚೀಲದ ಕಡೆ ನೋಡಿದರು. ಅಷ್ಟರಲ್ಲಿ ಅವರ ತಲೆಯಲ್ಲಿ ದಿವ್ಯಜ್ಞಾನವೊಂದು ಮಿಂಚಿತು. ಮಿಕ್ಸಿಯಲ್ಲಿ ಮೌನಿ ಸಿಗುವುದಾದರೆ ಸಿಂಥಸೈಸರಿನಲ್ಲಿ ಸಿಗದೆ?

"ಆಗಲಿ. ಆದರೆ ಆರಿಸೋದು ನಾನು."

ಅನೂಪ್ ಅಂಗಡಿಗೇ ಹೋಗಿ ಮೂರು ಯಂತ್ರ ನುಡಿಸಿ, ರೆಕಾರ್ಡ್ ಮಾಡಿ ಫೋನಿಗೆ ಕಳಿಸಿದ. ವೆಂಕಟಸುಬ್ಬಯ್ಯನವರು ಸೋಫಾದಲ್ಲಿ ಕುಳಿತು, ಫೋನನ್ನು ಕಿವಿಗೆ ಒತ್ತಿಕೊಂಡರು. ಮೊದಲನೆಯದು ಬಾಟಲಿಯಲ್ಲಿ ಸಿಕ್ಕಿಬಿದ್ದ ಜೀರುಂಡೆಯಂತೆ ಕಿರುಗುಟ್ಟಿತು. ಎರಡನೆಯದು ಉಬ್ಬು ಹತ್ತಲಾರದ ಟೆಂಪೊದಂತೆ ಗೊರಗುಟ್ಟಿತು. ಮೂರನೆಯದು... ಅವರು ಸದ್ದು ಪೂರ್ತಿ ಏರಿಸಿದರು. ಕನ್ನಡಕ ತೆಗೆದು ಕೇಳಿದರು. ಇನ್ನೊಂದು ಕಿವಿಗೆ ಬದಲಾಯಿಸಿದರು. ಆಗೊಮ್ಮೆ ಈಗೊಮ್ಮೆ 'ಟಿಕ್' ಎಂದದ್ದು ಬಿಟ್ಟರೆ ಗಾಢ ಮೌನ!

ತಕ್ಷಣ ಫೋನು ಮಾಡಿದರು. "ಮೂರನೇದೇ ಇರಲಿ ಕಣೋ."

"ಅರೇ ವಾಹ್ ದೊಡ್ಡಪ್ಪ! ಸಚ್ಚೀ? ಅದು ಸಬ್‌ಸೆ ಡೀಪ್! ಎಷ್ಟೋ ಜನಕ್ಕೆ ಅದರ ಬೆಲೆಯೇ ಗೊತ್ತಾಗಲ್ಲ."

"ನಂಗೆ ಗೊತ್ತಾಯ್ತಪ್ಪ."

"ಒಂದು ಸಲಕ್ಕೆ ಒಂದೇ ಸ್ವರ ನುಡಿಯುತ್ತೆ, ಚಲೇಗಾ?"

"ಎಷ್ಟು ಶಿಸ್ತು! ಅದೂ ಇಲ್ಲದಿದ್ದರೂ ಚಲೇಗಾ."

"ಫಿಲ್ಟರ್ ಮಾತ್ರ ಸೂಪರ್, ದೊಡ್ಡಪ್ಪ. ನಲ್ಲಿ ತಿರುಗಿಸಿದ ಹಾಗೆ ಸದ್ದನ್ನ ತೆರೀಬಹುದು, ಮುಚ್ಚಬಹುದು."

ಮುಚ್ಚಬಹುದು ಎಂದದ್ದೊಂದೇ ದೊಡ್ಡಪ್ಪನಿಗೆ ಕೇಳಿಸಿತು. ಅತ್ತ ಚಂದ್ರಪ್ರಭಾ, ಮದುವೆಯಾದಾಗಿನಿಂದ ನೋಡದಿದ್ದ ಕಣ್ಣುಗಳಿಂದ ಗಂಡನನ್ನು ನೋಡಿದರು. "ನಿಮಗೆ ಮಂದ್ರ ಇಷ್ಟು ಅರ್ಥವಾಗುತ್ತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ಕಣ್ರೀ." ಅಂದು ರಾತ್ರಿ ಊಟಕ್ಕೆ ಹೋಳಿಗೆ ಇತ್ತು. ವೆಂಕಟಸುಬ್ಬಯ್ಯನವರು ಸತ್ಯವನ್ನು ತುಪ್ಪದ ಜೊತೆಗೇ ನುಂಗಿದರು.

ಭಾನುವಾರ ಯಂತ್ರ ಬಂತು. ಅದರ ಹಿಂದೆಯೇ ಅಕ್ಕಿ ಡಬ್ಬದಷ್ಟು ದೊಡ್ಡ ಸ್ಪೀಕರ್ ಹೊತ್ತು ಅನೂಪ್ ಬಂದ.

"ಇದೇನೋ ಇದು?"

"ಅದಿಲ್ದಿದ್ರೆ ಇಷ್ಟು ತಗ್ಗಿನ ಬೇಸ್ ಕೇಳಿಸೋದೇ ಇಲ್ಲ, ದೊಡ್ಡಪ್ಪ. ಫೋನಲ್ಲಂತೂ ಬಿಲ್‌ಕುಲ್ ಬರಲ್ಲ."

ವೆಂಕಟಸುಬ್ಬಯ್ಯನವರು ಎದ್ದು ನಿಲ್ಲುವಷ್ಟರಲ್ಲಿ ಚಂದ್ರಪ್ರಭಾ ದೇವರಿಗೆ ಕೈಮುಗಿದು ಒಂದು ಸ್ವರದ ಮನೆ ಒತ್ತಿಬಿಟ್ಟಿದ್ದರು.

ಮೊದಲು ಏನೂ ಕೇಳಿಸಲಿಲ್ಲ. ಸ್ಟ್ಯಾಂಡಿನಲ್ಲಿದ್ದ ಲೋಟಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡವು. ದೇವರ ಗಂಟೆ ತಾನಾಗಿ ಅಲುಗಿತು. ಟೀಪಾಯಿಯ ಮೇಲಿನ ಕನ್ನಡಕ ಅಂಚಿನತ್ತ ನಡೆಯತೊಡಗಿತು. ಆಮೇಲೆ ನೆಲದಿಂದ ಅಂಗಾಲಿಗೆ, ಅಂಗಾಲಿನಿಂದ ಹೊಟ್ಟೆಗೆ ಅದು ಹತ್ತಿ ಬಂತು. ಧೂಂ...

"ನಿಲ್ಲಿಸೇ!" ಎಂದು ಪಿಸುಗುಟ್ಟಿದರು.

"ಆಂ?"

"ನಿಲ್ಲಿಸು!"

"ಕೇಳಿಸ್ತಿಲ್ಲಾ ರೀ!"

ಮೂವತ್ತು ವರ್ಷದ ಪಿಸುಮಾತಿನ ಕಟ್ಟೆ ಒಡೆಯಿತು. "ಅದಾದರೂ ಇರಬೇಕು, ಇಲ್ಲಾ ನಾನಾದರೂ ಇರಬೇಕೂ!" ಎಂದು ಅವರು ಗರ್ಜಿಸುವುದಕ್ಕೂ ಆಕೆ ಬೆರಳೆತ್ತುವುದಕ್ಕೂ ಸರಿಹೋಯಿತು. ಆ ಗರ್ಜನೆ ಮೌನದಲ್ಲಿ ಏಕಾಂಗಿಯಾಗಿ ಮೆಟ್ಟಿಲಿಳಿದು, ಪಾರ್ಕಿಂಗಿನವರೆಗೂ ಹೋಗಿಬಂತು.

ಚೀಲ ಹಿಡಿದು ಬಾಗಿಲು ತೆರೆದರೆ, ಹೊಸ್ತಿಲಾಚೆ ಕೆಳಗಿನ ಮನೆಯ ಕೊಡಗಿನ ದಂಪತಿ! ಸೇನೆಯ ಫಿರಂಗಿ ದಳದಲ್ಲಿದ್ದು ಕಿವಿ ಮಂದ ಮಾಡಿಕೊಂಡ ನಿವೃತ್ತ ಸುಬೇದಾರ್ ಮಾಚಯ್ಯ, ಅವರ ಹೆಂಡತಿ ಚೋಂದಮ್ಮ.

"ಅದು... ಪೈಪು ರಿಪೇರಿ..." ಎಂದು ತೊದಲಿದರು ವೆಂಕಟಸುಬ್ಬಯ್ಯನವರು.

ಮಾಚಯ್ಯನವರಿಗೆ ಅದು ಕೇಳಿಸಲಿಲ್ಲ. ಚಪ್ಪಲಿ ಬಿಟ್ಟು ನೇರವಾಗಿ ಒಳಗೆ ಹೋಗಿ, ಸ್ಪೀಕರಿನ ಮೇಲೆ ಅಂಗೈ ಇಟ್ಟರು. "ಇನ್ನೊಂದ್ಸಲ ಬಾರಿಸಮ್ಮ. ಮಂಚದ ಮೇಲೆ ಮಲಗಿದ್ದೆ, ಬೆನ್ನಿಗೆ ಕೇಳಿಸ್ತು."

ಚಂದ್ರಪ್ರಭಾ ನುಡಿಸಿದರು. ಮಾಚಯ್ಯನವರ ಕಾಲು ತಾನಾಗಿ ತಾಳ ಹಿಡಿಯಿತು, ಆಮೇಲೆ ಭುಜ, ಆಮೇಲೆ ಇಡೀ ಮಾಚಯ್ಯನವರು.

"ಮೊಮ್ಮಗಳ ಮದುವೆ ವಾಲಗಕ್ಕೂ ಕುಣಿಯದೆ ಸುಮ್ಮನೆ ಕೂತಿದ್ರು ಇವರು," ಎಂದು ಚೋಂದಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ದಿನಾ ಸಂಜೆ ನುಡಿಸ್ತೀರಾ?"

"ಯಂತ್ರ ಆರಿಸಿದ್ದು ಇವರೇ," ಎಂದು ಚಂದ್ರಪ್ರಭಾ ಹೆಮ್ಮೆಯಿಂದ ಗಂಡನತ್ತ ತೋರಿಸಿದರು.

ಏನನ್ನೂ ಕೇಳಿಸಿಕೊಳ್ಳದೆ ಒಪ್ಪಿದ್ದು ಇದು ಎರಡನೇ ಸಲ ಎಂದು ವೆಂಕಟಸುಬ್ಬಯ್ಯನವರು ಹೇಳಲಿಲ್ಲ. ಕೈಯಲ್ಲಿ ಚೀಲ ಹಿಡಿದು ನಿಂತೇ ಇದ್ದರು.

ಚೋಂದಮ್ಮನ ಕಣ್ಣು ಆ ಚೀಲದ ಮೇಲೆ ಬಿತ್ತು. "ಓ, ಮನೆ ಬಿಟ್ಟು ಹೊರಟ್ರಾ? ಬರುವಾಗ ನಮಗೂ ಒಂದು ಕಟ್ಟು ಕೊತ್ತಂಬರಿ ತನ್ನಿ."

ವೆಂಕಟಸುಬ್ಬಯ್ಯನವರು ಚೀಲವನ್ನು ಬೆನ್ನ ಹಿಂದೆ ಸರಿಸಿದರು. "ನಿಮಗೆ... ಹೇಗೆ...?"

"ನಿಮ್ಮ ಅಡಿಗೆಮನೆ ಕಿಟಕಿಯ ಪಿಸುಮಾತು ಗಾಳಿ-ಬೆಳಕಿನ ಶಾಫ್ಟಿನಲ್ಲಿ ಹತ್ತಿ ಇಳಿದು ಎಲ್ಲರ ಅಡಿಗೆಮನೆಗೂ ಬರುತ್ತಲ್ಲ! ನೀವು ಸಂಕೋಚದವರು ಅಂತ ಯಾರೂ ಬಾಯಿ ಬಿಡಲಿಲ್ಲ. ಮೇಲಿನ ಮನೆಯವರಂತೂ ನಿಮ್ಮ ಜಗಳ ಕೇಳಿದ ಮೇಲೇ ಚಟ್ನಿಗೆ ತೆಂಗಿನಕಾಯಿ ತುರಿಯೋದು. ಕೊತ್ತಂಬರಿ ಬಂದೇ ಬರುತ್ತೆ, ಸಾಲ ಕೇಳೋಣ ಅಂತ."

ಕಾಪಾಡಿಕೊಂಡು ಬಂದ ಕೀರ್ತಿ ಇಷ್ಟೇನೇ? ಅವಮಾನವಾಗಬೇಕಿತ್ತು. ಆದರೆ ಹೆಗಲ ಮೇಲಿನ ಸಿಲಿಂಡರನ್ನು ಯಾರೋ ಇಳಿಸಿಕೊಂಡಂತೆ ವೆಂಕಟಸುಬ್ಬಯ್ಯನವರ ಜೀವ ಹಗುರಾಯಿತು. ಕಾಯಲು ಏನೂ ಉಳಿದಿಲ್ಲವೆಂದ ಮೇಲೆ ಕಾವಲು ಯಾಕೆ?

ಚೀಲದಿಂದ ಪಂಚೆ, ಮಾತ್ರೆ ತೆಗೆದು ಟೀಪಾಯಿಯ ಮೇಲಿಟ್ಟರು. ಕೊತ್ತಂಬರಿಗೆ ಜಾಗ ಬೇಕಲ್ಲ.

"ಪ್ರಭಾ," ಎಂದರು ಬಾಗಿಲಲ್ಲಿ ನಿಂತು.

"ಗೊತ್ತು. ಮೆಲ್ಲಗೆ ತಾನೆ?"

"ಅಲ್ವೇ. ಬೂತಿನವರೆಗೂ ಕೇಳಿಸುತ್ತಾ ನೋಡ್ತೀನಿ, ನುಡಿಸು."

ಹೀಗೆ ವೆಂಕಟಸುಬ್ಬಯ್ಯನವರು ಕೊನೆಯ ಬಾರಿ ಮನೆ ಬಿಟ್ಟು ಹೊರಟರು. ಮೆಟ್ಟಿಲು ಅಂಗಾಲಿನಡಿ ಗುಂಯ್‌ಗುಟ್ಟುತ್ತಿತ್ತು. ಒಂದು ಮಹಡಿ ಇಳಿಯುವಷ್ಟರಲ್ಲಿ ಎರಡು ಬಾಗಿಲು ತೆರೆದವು.

"ಸುಬ್ಬಯ್ಯಜೀ, ಹೋಗ್ತಾ ಇದೀರಲ್ಲ, ಹಾಗೇ ಸ್ವಲ್ಪ ಪುದೀನಾನೂ!"