ರಾಸಾಯನಿಕ ಬಂಧ: ವಿರೋಧ ಪಕ್ಷದ ವಾದ

ನನ್ನ ಗೆಳೆಯ ಹಮೀದ ಸೋಮಾರಿ, ಅದಕ್ಕೇ ರಸಾಯನಶಾಸ್ತ್ರದಲ್ಲಿ ಎರಡನೇ ಸಲವೂ ಫೇಲಾದ ಎಂದು ನಮ್ಮ ಮಣ್ಣಗುಡ್ಡದವರೆಲ್ಲ ಹೇಳುತ್ತಾರೆ. ಸುಳ್ಳು. ನಾನು ಕಲಿಸಿದ್ದನ್ನು ಅವನು ಒಂದಕ್ಷರ ಬಿಡದೆ ಕಲಿತಿದ್ದ. ಫೇಲಾದದ್ದು ಅದರಿಂದಲೇ!

ಅವನಿಗೆ ಡಾಕ್ಟರಾಗುವ ಆಸೆ. ಈ ಸಲ ಇಂಟರ್‌ಮೀಡಿಯೆಟ್ ದಾಟದಿದ್ದರೆ ಬಂದರಿನ ಅಕ್ಕಿ ಮಂಡಿಯಲ್ಲಿ ಕೂರಬೇಕೆಂದು ತಂದೆ ಹಾಜಿಯವರು ತೀರ್ಪು ಕೊಟ್ಟಿದ್ದರು. ಹಿಂದಿನ ವರ್ಷವೇ ಅದೇ ಪರೀಕ್ಷೆ ಪಾಸಾಗಿ, ಕಾಲೇಜಿನ ಚರ್ಚಾಸ್ಪರ್ಧೆಯ ಕಪ್ಪನ್ನೂ ಮನೆಗೆ ತಂದಿದ್ದ ನಾನು ಅವನ ಪಾಠದ ಭಾರ ಹೊತ್ತೆ. ಪುಸ್ತಕದ ಗಿಣಿಗಳನ್ನು ಯಾರು ಬೇಕಾದರೂ ತಯಾರು ಮಾಡಬಹುದು. ನಾನು ಚಿಂತಕನನ್ನೇ ತಯಾರು ಮಾಡುವವನಿದ್ದೆ.

ಚರ್ಚಾಪಟುಗಳಾದ ನಮ್ಮಲ್ಲಿ ಒಂದು ಪದ್ಧತಿ ಉಂಟು: ಯಾವ ವಿಷಯವನ್ನೇ ಆಗಲಿ, ಮೊದಲು ವಿರೋಧಿಸಿ ನೋಡಬೇಕು. ಹಾಗಾಗಿ ರಾಸಾಯನಿಕ ಬಂಧವನ್ನು ವಿರೋಧಿಸಿದೆ. ಎರಡು ಹೈಡ್ರೋಜನ್ ಪರಮಾಣುಗಳ ನಡುವೆ ಪುಸ್ತಕದವರು ಗೆರೆ ಎಳೆದಿದ್ದಾರೆ. ಅದನ್ನು ಕಂಡವರು ಯಾರು? ಎರಡೂ ಸೇರಿ ಇಲೆಕ್ಟ್ರಾನುಗಳನ್ನು ಹಂಚಿಕೊಂಡಿವೆಯಂತೆ, ಸಾಕ್ಷಿ ಎಲ್ಲಿ? ಹಮೀದ ಪುಸ್ತಕ ಹಿಡಿದು ಪಾಪ, ಗುದ್ದಾಡಿದ. ನಾನು ಬಿಡಲಿಲ್ಲ.

"ಹಾಗಾದ್ರೆ ನಡುವೆ ಎಂತದ್ದೂ ಇಲ್ಲ ಮಾರಾಯ," ಎಂದು ಕೊನೆಗೆ ಒಪ್ಪಿಕೊಂಡ. "ಇಷ್ಟು ದಿನ ಸುಮ್ಮನೆ ಬಾಯಿಪಾಠ ಮಾಡಿದೆ."

ನಾನು ಗೆದ್ದಿದ್ದೆ. ಗೆದ್ದ ಮೇಲೆ ಬಂಧದ ಪರವಾಗಿ ಪಾಠ ಮಾಡುವ ಉತ್ಸಾಹ ಯಾರಿಗೆ ಉಳಿಯುತ್ತದೆ?

ಲಿಖಿತ ಪರೀಕ್ಷೆಯಲ್ಲಿ ಅವನು ಪ್ರಶ್ನೆಯನ್ನೇ ಖಂಡಿಸಿ ಪುಟಗಟ್ಟಲೆ ಬರೆದ. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಬೋರ್ಡಿನ ಮೇಲೆ ಎರಡು ಪರಮಾಣು ಬರೆದು, ನಡುವೆ ಗೆರೆ ಎಳೆದು, ಇದೇನೆಂದು ಕೇಳಿದರಂತೆ.

"ಸೀಮೆಸುಣ್ಣ ಸರ್."

ಅಲ್ಲಿಗೇ ನಿಲ್ಲಿಸಿದ್ದರೆ ಅವರು ನಕ್ಕುಬಿಡುತ್ತಿದ್ದರೇನೋ. ಇವನು ನಾನು ಕಲಿಸಿದ ಭಂಗಿಯಲ್ಲಿ ಎಡಗೈಯನ್ನು ಬೆನ್ನಿಗಿಟ್ಟು, ಬೇರೇನಾದರೂ ಇದ್ದರೆ ತಾವು ಕಂಡಿದ್ದೀರಾ ಎಂದು ಅವರನ್ನೇ ಕೇಳಿದ!

ಫಲಿತಾಂಶ ಬಂದ ವಾರ, ಅವನಿಗೆ ಇನ್ನೊಂದು ಅವಕಾಶ ಬೇಡಲು ನಾನೇ ಮಂಡಿಗೆ ಹೋದೆ. ಹಮೀದ ಆಗಲೇ ದಬ್ಬಳ ಹಿಡಿದು ಗೋಣಿಚೀಲದ ಬಾಯಿ ಹೊಲಿಯುತ್ತಿದ್ದ. ತಲೆ ಎತ್ತಲಿಲ್ಲ. ಅವನ ವಾದದಲ್ಲಿ ತರ್ಕದೋಷ ಲವಲೇಶವೂ ಇಲ್ಲವೆಂದು, ಸೋತವರು ಪರೀಕ್ಷಕರೇ ಎಂದು ಹಾಜಿಯವರ ಮುಂದೆ ಮಂಡಿಸಿದೆ. ಕಪ್ ಗೆದ್ದ ದಿನವೂ ಅಷ್ಟು ಚೆನ್ನಾಗಿ ಮಾತಾಡಿರಲಿಲ್ಲ. ಚಪ್ಪಾಳೆ ಬೀಳಲಿಲ್ಲ, ಅಷ್ಟೆ.

ಹಾಜಿಯವರು ಪೂರ್ತಿ ಕೇಳಿದರು. ನನಗೆ ಕೂರಲು ಸ್ಟೂಲು ಎಳೆದುಕೊಟ್ಟರು.

"ಆ ಗೆರೆಯ ವಿಷಯ ನಿನ್ನ ಹತ್ರವೂ ಕೇಳಿರ್ತಾರಲ್ಲ ಮಗಾ," ಅಂದರು. "ನೀನು ಎಂತ ಹೇಳಿ ಪಾಸಾದದ್ದು?"